ಕೂರಿಸುವವರು, ಹೇಳಿಸುವವರು

ನನ್ನ ತಮ್ಮ ತೆಲಂಗಾಣದ ತಾಂಡೂರಿನ ಹತ್ತಿರ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ಒಂದು ಮಧ್ಯಾಹ್ನ ಪೇರಿಸಿಟ್ಟ ಚಪ್ಪಡಿಗಳು ಜಾರಿ ಅವನ ಜೊತೆಗಾರನ ಮೇಲೆ ಬಿದ್ದವು. ಆ ಜೊತೆಗಾರನೂ ನಮ್ಮ ಹಾಗೆ ಕನ್ನಡ ಮನೆಮಾತಿನವನೇ. ಕ್ರೇನು ಬರುವ ಹೊತ್ತಿಗೆ ಅವನ ಜೀವ ಹೋಗಿತ್ತು. ಅಲ್ಲಿಯವರೆಗೂ ನನ್ನ ತಮ್ಮ ಅವನ ಪಕ್ಕದಲ್ಲೇ ಕೂತಿದ್ದ. ಅಂದಿನಿಂದ ಅನ್ನ ಕಲಸಿ ಹಾಗೇ ಬಿಟ್ಟು ಏಳುತ್ತಾನೆ. ಲಾರಿಯಿಂದ ಕಲ್ಲು ಇಳಿಸುವ ಸದ್ದಾದರೆ ಮಂಚದ ಕೆಳಗೆ ತೂರುತ್ತಾನೆ. ಡಾಕ್ಟರು ಬರೆದ ಮಾತ್ರೆ ನುಂಗಿದರೆ ನಿದ್ದೆಯೇನೋ ಬರುತ್ತಿತ್ತು, ನಿದ್ದೆಯಲ್ಲೂ ಹಲ್ಲು ಕಡಿಯುತ್ತಿದ್ದ.

ಅಪ್ಪನಿಗೆ ಗೊತ್ತಿದ್ದ ಮದ್ದು ಒಂದೇ, ಧ್ಯಾನ. ಅಪ್ಪ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಎವೆಯಿಕ್ಕದೆ ನೋಡುತ್ತ ಕೂರುವವನು. ಜಹೀರಾಬಾದಿನ ಧ್ಯಾನದ ಕ್ಲಾಸಿನಲ್ಲಿ ಕಣ್ಣು ಮುಚ್ಚಿ ಅಂದಿದ್ದಕ್ಕೆ ತಮ್ಮ ಎದ್ದು ಓಡಿಬಂದಿದ್ದ. ಅಪ್ಪನ ಜೊತೆ ಕಣ್ಣು ತೆರೆದು ಕೂತಾಗ ಮಾತ್ರ ಹತ್ತು ನಿಮಿಷ ಅಲುಗಾಡಲಿಲ್ಲ.

"ನೋಡವ್ವ, ಆರಾಮ ಆಗಾಕ ಹತ್ತ್ಯಾನ," ಎಂದು ಅಪ್ಪ ನನ್ನೆದುರು ಹಿಗ್ಗಿದ.

ನನ್ನ ಬಾಯಿ ಸುಮ್ಮನಿರುವುದಲ್ಲ. ಎದ್ದ ಮೇಲೆ ಇಡೀ ದಿನ ಏನು ಮಾಡಬೇಕು ಎಂದು ಕೇಳಿದೆ. ಫೋನಿನಲ್ಲಿ ಅದೂ ಇದೂ ಓದಿ ತೀರ್ಪು ಕೊಟ್ಟೂಬಿಟ್ಟೆ: ಧ್ಯಾನವೆಂದರೆ ಬಾವಿನ ಮೇಲೆ ಬಟ್ಟೆ ಸುತ್ತಿದ ಹಾಗೆ, ಒಳಗಿದ್ದದ್ದನ್ನು ಹೇಳಿಸಿ ಹೊರಗೆ ಹಾಕಿಸಬೇಕು.

ಹೈದರಾಬಾದಿನ ಕೌನ್ಸೆಲರ್ ಅದನ್ನೇ ಮಾಡಿಸಿದರು. ಪ್ರತಿ ವಾರ ನಡೆದದ್ದೆಲ್ಲ ಮೊದಲಿಂದ ಕೊನೆಯವರೆಗೆ ಅವರಿಗೆ ಬರುವ ತೆಲುಗಿನಲ್ಲಿ ಹೇಳಬೇಕು. ಮೊದಲ ವಾರ ತಮ್ಮ ನಡುಗಿದ. ಐದನೆಯ ವಾರ ಪೊಲೀಸರಿಗೆ ಹೇಳಿಕೆ ಕೊಟ್ಟ ಹಾಗೆ ನೀಟಾಗಿ ಹೇಳಿ ಮುಗಿಸಿ ನೀರು ಕುಡಿದ. ತುಂಬಾ ಸುಧಾರಿಸಿದ್ದಾನೆ ಅಂದರು ಅವರು. ನಾನು ಗೆದ್ದೆನೆಂದು ಅಲ್ಲಿಂದಲೇ ಅಪ್ಪನಿಗೆ ಫೋನು ಮಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಹಿಂತಿರುಗುವ ರೈಲಿನಲ್ಲಿ ಅವನಿಗೆ ಹೇಳಿದೆ: "ಎಷ್ಟ್ ಚಂದ ಹೇಳ್ದಿಯಲ್ಲೋ. ಒಂದ್ ಸಲ ನನ್ನ ಮುಂದೂ ಹೇಳು. ನಮ್ ಮಾತಿನ್ಯಾಗ ಹೇಳು."

ಬಾಯಿ ತೆರೆದ. ಎರಡೂ ಕಿವಿ ಮುಚ್ಚಿಕೊಂಡು ಸೀಟಿನಿಂದ ಕೆಳಗೆ ಜಾರಿ ಕೂತ. ಎದುರಿನ ಹೆಂಗಸು ತನ್ನ ನೀರಿನ ಬಾಟಲಿ ಕೊಟ್ಟಳು. ವಿಕಾರಾಬಾದ್ ದಾಟಿದ ಮೇಲೆ ಕಿವಿಯ ಕೈ ಸಡಿಲಿಸಿ ಅವನೇ ಪಿಸುಗುಟ್ಟಿದ:

"ತೆಲುಗಿನ್ಯಾಗ ಹೇಳಿದ್ರ ಏನೂ ಆಗಂಗಿಲ್ಲಕ್ಕಾ. ಯಾರದೋ ಸುದ್ದಿ ಇದ್ದಂಗ ಇರ್ತದ. ಅಂವ ಕಲ್ಲಿನ ಕೆಳಗಿಂದ ಒದರಿದ್ದು ನಮ್ ಮಾತಿನ್ಯಾಗ. 'ಎಳಿಯೋ ತಮ್ಮಾ, ಎಳಿಯೋ' ಅಂತ. ಈ ಮಾತ್ ಕಿವಿಗಿ ಬಿದ್ರ ಅಂವ ಮತ್ತ ಒದರಾಕ ಹತ್ತತಾನ."

"ಅಪ್ಪನ ಜೋಡಿ ಕುಂತಾಗ?"

"ಆಗ ಯಾರೂ ಮಾತಾಡಂಗಿಲ್ಲಲ್ಲ. ಎದ್ದ ಕೂಡ್ಲೇ ಅವ್ವ ಊಟಕ್ಕ ಬಾ ತಮ್ಮಾ ಅಂತಾಳ."

ಅವನಿಗೆ ಸಮಾಧಾನ ಹೇಳಲು ನನಗೆ ಬರುವ ಮಾತೆಲ್ಲ ಅದೇ ಭಾಷೆಯವು. ತಾಂಡೂರು ಬಂದಾಗ ಇಳಿ ಎನ್ನಲು ಹೋಗಿ ತಡೆದುಕೊಂಡು, ತೆಲುಗಿನಲ್ಲಿ "ದಿಗು" ಅಂದೆ. ಅವನು ಕಿವಿ ಮುಚ್ಚಿಕೊಳ್ಳದೆ ಇಳಿದ. ಕಂಕುಳಲ್ಲಿ ಎತ್ತಿ ಬೆಳೆಸಿದ ತಮ್ಮನೊಡನೆ ನಾನು ಆಡಿದ ಮೊದಲ ತೆಲುಗು ಮಾತು ಅದು.