ಕುಶಲಕ್ಕ ಗುರುತಿಸಿದ ಫ್ರಾಕು

ಬೆಳಿಗ್ಗೆ ಆರೂವರೆಗೆ ಕಾಪು ಪೇಟೆಯಲ್ಲಿ ಹಾಲಿನ ಬೂತ್ ಬಿಟ್ಟರೆ ತೆರೆದಿರುವುದು ಕುಶಲಾ ಅವರ ಟೈಲರ್ ಅಂಗಡಿ ಮಾತ್ರ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಲೇ ನನ್ನನ್ನು ಮಾತಾಡಿಸುತ್ತಾರೆ. ದಿನಕ್ಕೆ ಆರು ರವಿಕೆ, ಮದುವೆ ಸೀಸನ್ನಿನಲ್ಲಿ ಹತ್ತು. ಗಂಡ ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷಗಳಿಂದ ಇದೇ ದುಡಿಮೆ. ಬೆನ್ನುನೋವಿನ ಬಗ್ಗೆ ಕೇಳಿದರೆ, "ಅದು ಉಂಟು, ಎಂತ ಮಾಡುವುದು" ಎಂದು ನಗುತ್ತಾರೆ.

ಎರಡು ವರ್ಷಗಳ ಹಿಂದೆ, 2006ರಲ್ಲಿ, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಮಾರುತ್ತಿದ್ದ ವೆಬ್‌ಸೈಟೊಂದನ್ನು ಪೊಲೀಸರು ಮುಚ್ಚಿಸಿ, ನಡೆಸುತ್ತಿದ್ದವನನ್ನು ಹಿಡಿದರು. ಆದರೆ ಆ ಚಿತ್ರಗಳಲ್ಲಿದ್ದ ಒಂದು ಮಗು ಯಾರು, ಎಲ್ಲಿದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಆ ಮಗುವಿನ ಚಿತ್ರದಲ್ಲಿ ಕಾಣುವ ಗೋಡೆಯ ಮೇಲೆ ಉಡುಪಿಯ ಅಂಗಡಿಯೊಂದರ ಕ್ಯಾಲೆಂಡರ್ ಇತ್ತು, ಪಕ್ಕದ ಮೊಳೆಯಲ್ಲಿ ಫ್ರಾಕು ನೇತಾಡುತ್ತಿತ್ತು. ಆ ಫ್ರಾಕಿನ ಭಾಗವನ್ನಷ್ಟೇ ಪ್ರಿಂಟ್ ತೆಗೆಸಿಕೊಂಡು ಕಾನ್‌ಸ್ಟೇಬಲ್ ಅನಂತೇಶ ಉಡುಪಿ, ಕಾರ್ಕಳ, ಕಾಪುವಿನ ಟೈಲರ್ ಅಂಗಡಿಗಳನ್ನೆಲ್ಲ ಸುತ್ತಿದರು.

"ಇದು ನಿಮ್ಮ ಹೊಲಿಗೆಯಾ?" ಎಂದು ಪೊಲೀಸರು ಕೇಳಿದರೆ ಯಾವ ಟೈಲರ್ ತಾನೇ ಹೌದೆಂದಾರು! ಫಿಟ್ಟಿಂಗ್ ಸರಿಯಿಲ್ಲವೆಂದು ಯಾರೋ ದೂರು ಕೊಟ್ಟಿರಬೇಕೆಂದು ಹೆದರಿ, ಕುಶಲಾ ಸರಿಯಾಗಿ ನೋಡದೆಯೇ "ನನ್ನದಲ್ಲ" ಎಂದುಬಿಟ್ಟರು. ಮೆಟ್ಟಿಲಿಳಿಯುತ್ತ ಅನಂತೇಶ, "ಒಂದು ಮಗು ಕಷ್ಟದಲ್ಲಿ ಉಂಟು ಅಕ್ಕ, ಅದಕ್ಕೆ ಕೇಳಿದ್ದು" ಎಂದರು. ಕುಶಲಾ ತಕ್ಷಣ ಅವರನ್ನು ವಾಪಸು ಕರೆದು ಚಿತ್ರವನ್ನು ಬೆಳಕಿಗೆ ಹಿಡಿದರು.

"ಎದೆ ಧಸಕ್ಕೆಂದಿತು ಮಾರಾಯ್ರೇ. ಜೇಬು ಎಡಬದಿಗೆ ಉಂಟು! ನಾನು ಎಲ್ಲರಿಗೂ ಬಲಬದಿಗೇ ಇಡುವುದು. ಆ ಮಗು ಎಡಚಿ. ಹಟ ಮಾಡಿ ಎಡಕ್ಕೆ ಇಡಿಸಿಕೊಂಡಿತ್ತು."

ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಹೆಂಗಸಿನ ಮಗಳು ಅದು. ಕುಶಲಾ ಹೇಳಿದ ಗುರುತು ಹಿಡಿದು ಹೋಗಿ, ಸಂಜೆಯೊಳಗೆ ಪೊಲೀಸರು ಮಗುವನ್ನು ಕಾಪಾಡಿದರು. ತಾಯಿ ದುಡಿಯಲು ಹೋದಾಗ ನೋಡಿಕೊಳ್ಳುತ್ತೇನೆಂದಿದ್ದ ಪಕ್ಕದ ಕೋಣೆಯವನು ಜೈಲು ಸೇರಿದ.

ಆದರೂ ಕುಶಲಾ ಅವರಿಗೆ ಒಂದು ಸಂಕಟ ಉಳಿದಿದೆ. "ಆ ಪೊಲೀಸಿನವರು ಹಾಗೇ ಹೋಗಿದ್ದರೆ? ನನ್ನ ಒಂದು ಸುಳ್ಳಿಗೆ ಆ ಮಗು ಅಲ್ಲೇ ಉಳಿಯುತ್ತಿತ್ತು, ಅಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ.

ಫೋಟೋ ತೆಗೆಯಲು ಅವರು ಒಪ್ಪುವುದಿಲ್ಲ. ಕುಶಲಾ ಎಂಬುದು ಅವರ ನಿಜವಾದ ಹೆಸರೂ ಅಲ್ಲ. ಊರು, ಫ್ರಾಕಿನ ಗುರುತು ಎಲ್ಲವನ್ನೂ ಅವರ ಮಾತಿನಂತೆ ಬದಲಿಸಿದ್ದೇನೆ.

"ನನ್ನ ಹೆಸರು ಪೇಪರಿನಲ್ಲಿ ಬಂದರೆ ಜನ ಹೊಗಳಿ ಸುಮ್ಮನಿರುವುದಿಲ್ಲ, ಯಾವ ಮಗು ಎಂದು ಹುಡುಕುತ್ತಾರೆ. ಅವಳು ದಿನಾ ಇದೇ ದಾರಿಯಲ್ಲಿ ಶಾಲೆಗೆ ಹೋಗುತ್ತಾಳೆ. ಯಾರೂ ತಿರುಗಿ ನೋಡದ ಹಾಗೆ ಹೋಗಿ ಬರಲಿ."