ಮೌನದ ಬಹುಮಾನ

ನನ್ನ ಗಂಟಲು ಹಾಡಿಗೆ ಹೇಳಿ ಮಾಡಿಸಿದ್ದಲ್ಲ. ಭಾಗಮಂಡಲದ ಕಡೆಯ ನನ್ನ ತವರಿನಲ್ಲಿ ನಾನು ರಾಗ ತೆಗೆದರೆ ಅಕ್ಕಂದಿರು ಕಿವಿಗೆ ಬೆರಳು ತುರುಕಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದೆ, ಪದ್ಯಗಳನ್ನೆಲ್ಲ ಓದಿಯೇ ಮುಗಿಸಿದೆ. ಇಂಥವಳನ್ನು ನಿವೃತ್ತಿಯಾದ ಮರುವರ್ಷ ನಮ್ಮೂರಿನ ಭಜನಾ ಮಂಡಳಿಯವರು ಮಕ್ಕಳ ಬೇಸಿಗೆ ಶಿಬಿರ ನಡೆಸಿಕೊಡಿ ಎಂದು ಕರೆದರು. ಹಾಡಲು ಬೇರೆಯವರಿದ್ದಾರೆ, ಶಿಸ್ತಿಗೆ ನೀವು ಬೇಕು ಎಂದರು. ಆ ಮಾತಿಗೆ ನಾನು ಉಬ್ಬಿಹೋದೆ ಎಂದು ಈಗ ಒಪ್ಪಿಕೊಳ್ಳಲು ನಾಚಿಕೆಯಿಲ್ಲ.

ನಮ್ಮೂರು ನೆಲ್ಯಹುದಿಕೇರಿಯ ಕಡೆ, ಕಾವೇರಿಯ ದಡದಲ್ಲಿ. ಸುತ್ತ ಕಾಫಿ ಎಸ್ಟೇಟುಗಳು, ಅವುಗಳ ಒಳಗೆ ಕೆಲಸದವರು ಇರುವ ಲೈನು ಮನೆಗಳು. ಏಪ್ರಿಲ್ ಬಂತೆಂದರೆ ಶಾಲೆಗೆ ರಜೆ, ಬಿಸಿಯೂಟವೂ ಇಲ್ಲ. ಅಪ್ಪ ಅಮ್ಮ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೋದರೆ ಲೈನಿನಲ್ಲಿ ಉಳಿಯುವವರು ಮಕ್ಕಳು ಮತ್ತು ಕೋಳಿಗಳು. ಆ ಮಕ್ಕಳಿಗೆಂದೇ ದೇವಸ್ಥಾನದ ಪಕ್ಕದ ಹಾಲಿನಲ್ಲಿ ಮೂರು ವಾರದ ಶಿಬಿರ. ಬೆಳಿಗ್ಗೆ ಪ್ರಾರ್ಥನೆ, ಕಥೆ, ಭಜನೆ. ಮಧ್ಯಾಹ್ನ ಅನ್ನ ಸಾರು ಪಲ್ಯ. ಆಮೇಲೆ ಕೈಕೆಲಸ, ಆಟ. ಸಂಜೆ ದೀಪ ಹಚ್ಚಿ ಆರತಿಯಾದ ಮೇಲೆ ಐದೂವರೆಗೆ ಮನೆಗೆ.

ಆರು ವರ್ಷದವರಿಂದ ಹದಿನಾರರವರೆಗೆ ನಲವತ್ತಕ್ಕೂ ಹೆಚ್ಚು ಮಕ್ಕಳು ಬಂದರು. ಮನೆಯಲ್ಲಿ ತಮಿಳು, ಮಲಯಾಳ, ತುಳು, ಉರ್ದು. ಹಾಲಿನಲ್ಲಿ ಎಲ್ಲವೂ ಬೆರೆತ ಒಂದು ಕನ್ನಡ. ಬೇರೆ ಧರ್ಮದ ಮನೆಗಳಿಂದಲೂ ಕೆಲವರು ಬರುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಅವರು ಕೈಕಟ್ಟಿ ಹಿಂದೆ ಕೂರುತ್ತಿದ್ದರು, ಊಟದ ಹೊತ್ತಿಗೆ ಎಲ್ಲರಿಗಿಂತ ಮುಂದೆ.

ಮತ್ತೆ ಗಲಾಟೆಯೋ, ಕೇಳಬೇಡಿ. ಬರುವಾಗ ಗಲಾಟೆ, ಹೋಗುವಾಗ ಅದರ ಎರಡರಷ್ಟು. ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ ಕೈ ಇನ್ನೂ ಬಿಸಿಯಿರುವಾಗಲೇ ಕೂಗುತ್ತ, ಕಿರುಚುತ್ತ, ಡಬ್ಬ ಬಡಿಯುತ್ತ ತೋಟದ ದಾರಿ ಹಿಡಿಯುತ್ತಿದ್ದರು. ಇಡೀ ದಿನ ಕಲಿಸಿದ ಭಕ್ತಿ ಗೇಟಿನಲ್ಲೇ ಉದುರಿಹೋಯಿತಲ್ಲ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾಲ್ಕನೆಯ ದಿನ ನಾನೊಂದು ನಿಯಮ ಮಾಡಿದೆ. ಹಾಲಿನಿಂದ ಮನೆ ಮುಟ್ಟುವವರೆಗೆ ಮೌನ. ಸಾಲಾಗಿ ನಡೆಯಬೇಕು, ದೇವರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ತುಟಿ ಅಲ್ಲಾಡಬಾರದು.

ಮಕ್ಕಳು ಬರೀ ಮಾತಿಗೆ ಬಗ್ಗುವವರಲ್ಲ ಎಂದು ಬಹುಮಾನವನ್ನೂ ಇಟ್ಟೆ. ಕೊನೆಯ ದಿನದ ಮಹಾಮಂಗಳಾರತಿಯ ತಟ್ಟೆಯನ್ನು, ಅರ್ಚಕರ ಕೈಯಿಂದ ಇಸಿದುಕೊಂಡು ಎಲ್ಲರ ಮುಂದೆ ಹಿಡಿಯುವ ಅವಕಾಶ. ನಮ್ಮಲ್ಲಿ ಆ ತಟ್ಟೆ ಹಿಡಿಯುವುದು ಯಾವಾಗಲೂ ಮಂಡಳಿಯ ಮನೆಗಳವರೇ. ಲೈನಿನ ಮಕ್ಕಳು ತಟ್ಟೆಯ ಕಡೆಗೆ ಕೈಚಾಚಿದ್ದುಂಟು, ಹಿಡಿದದ್ದಿಲ್ಲ. ಅದಕ್ಕೇ ಆ ಮಾತು ಕೇಳಿದ್ದೇ ಮಕ್ಕಳೆಲ್ಲ ಗಪ್‌ಚಿಪ್ ಆದರು.

ಎಲ್ಲರಿಗಿಂತ ಹೆಚ್ಚು ಆಸೆಪಟ್ಟವಳು ಎರಡು ಜಡೆಯ ಒಬ್ಬ ಹುಡುಗಿ. ಏಳನೇ ಕ್ಲಾಸು ಮುಗಿಸಿದ್ದಳು. ತೀರಾ ಒಳಗಿನ ಲೈನಿನಿಂದ ಹತ್ತು ಹನ್ನೆರಡು ಚಿಕ್ಕ ಮಕ್ಕಳನ್ನು ಹೊರಡಿಸಿಕೊಂಡು ಬರುತ್ತಿದ್ದವಳು ಅವಳೇ. ದಿನವೂ ಬಂದು, "ಟೀಚರೇ, ಇವತ್ತೂ ಒಂದು ಮಾತೂ ಆಡ್ಲಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದಳು. ಉಳಿದ ಮಕ್ಕಳೂ ಹೌದು ಹೌದು ಎನ್ನುತ್ತಿದ್ದರು. ತಟ್ಟೆ ಹಿಡಿಯುವ ದಿನಕ್ಕೆಂದು ಅವಳಮ್ಮ ತನ್ನ ಮದುವೆಯ ಸೀರೆಯನ್ನೇ ಕತ್ತರಿಸಿ ಲಂಗ ಹೊಲಿಸುತ್ತಿದ್ದಾಳೆ ಎಂದು ನಮ್ಮ ಶಿಬಿರದ ಅಡುಗೆಯಾಕೆ ಹೇಳಿದಳು. ಮೌನ ಪಾಲಿಸಿದವರ ನನ್ನ ಪಟ್ಟಿಯಲ್ಲಿ ಅವಳ ಹೆಸರು ಎಲ್ಲರಿಗಿಂತ ಮೇಲಿತ್ತು.

ಎರಡನೆಯ ವಾರದ ಕೊನೆಗೆ ಒಂದು ಬೆಳಿಗ್ಗೆ ಅವಳ ಲೈನಿನ ಒಬ್ಬ ಪುಟ್ಟ ಹುಡುಗಿ ಓಡಿಬಂದು, "ಟೀಚರೇ, ನಿನ್ನೆ ಅಕ್ಕ ದಾರಿ ಪೂರ್ತಿ ಹಾಡಿದ್ಳು. ಕಿರುಚಿ ಕಿರುಚಿ ಹಾಡಿದ್ಳು. ನಾವೆಲ್ಲ ಸುಮ್ನಿದ್ವಿ" ಎಂದಳು. ಎರಡು ಜಡೆಯವಳನ್ನು ಕರೆದು ಕೇಳಿದೆ.

"ಹೌದಾ?"

"ಹೌದು ಟೀಚರೇ."

ಯಾಕೆ ಎಂದು ನಾನು ಕೇಳಲಿಲ್ಲ. ಮೂವತ್ತು ವರ್ಷದ ಅಭ್ಯಾಸ, ತಪ್ಪೊಪ್ಪಿಕೊಂಡ ಮೇಲೆ ವಿಚಾರಣೆ ಮುಗಿಯಿತು. ಎಲ್ಲರೆದುರು ಪಟ್ಟಿಯಲ್ಲಿ ಅವಳ ಹೆಸರಿನ ಮೇಲೆ ಗೀಟು ಎಳೆದೆ. ಅವಳು ಆ ಗೀಟನ್ನು ನೋಡಿದಳು, ಹೋಗಿ ತನ್ನ ಜಾಗದಲ್ಲಿ ಕೂತಳು. ಮಧ್ಯಾಹ್ನ ಅವಳು ಸರಿಯಾಗಿ ಉಣ್ಣಲಿಲ್ಲ ಎಂದು ಅಡುಗೆಯಾಕೆ ಹೇಳಿದಾಗಲೂ ನಾನು, ಒಂದು ದಿನ ಉಣ್ಣದಿದ್ದರೆ ಏನೂ ಆಗುವುದಿಲ್ಲ ಎಂದೆ.

ಮರುದಿನ ಆ ಲೈನಿನಿಂದ ಒಂದು ಮಗುವೂ ಬರಲಿಲ್ಲ. ಮುನಿಸಿಕೊಂಡು ಎಲ್ಲರನ್ನೂ ತಡೆದಿಟ್ಟಿದ್ದಾಳೆ, ಇಷ್ಟು ವಯಸ್ಸಿಗೇ ಇಷ್ಟು ಸೊಕ್ಕೇ ಎಂದು ನನ್ನ ಸಿಟ್ಟು ನೆತ್ತಿಗೇರಿತು. ಊಟ ಬಡಿಸಿಯಾದ ಮೇಲೆ ಉಳಿದ ಮಕ್ಕಳನ್ನು ಭಜನೆಯವರಿಗೆ ಒಪ್ಪಿಸಿ, ನಾನೇ ಲೈನಿಗೆ ಹೊರಟೆ. ದಾರಿ ತೋರಿಸಲು ಅಡುಗೆಯಾಕೆ ಬಂದಳು. ಒಂದು ಮಾತು ಹೇಳಬೇಕು. ಈ ಊರಿಗೆ ಮದುವೆಯಾಗಿ ಬಂದು ಅಷ್ಟು ವರ್ಷವಾಗಿದ್ದರೂ ನಾನು ಆ ತೋಟದ ಒಳದಾರಿಯಲ್ಲಿ ನಡೆದವಳೇ ಅಲ್ಲ. ಶಾಲೆಗೆ ಬಸ್ಸು, ಪೇಟೆಗೆ ಗಂಡನ ಸ್ಕೂಟರು, ಅಷ್ಟೇ ನನಗೆ ಗೊತ್ತಿದ್ದ ಊರು.

ಎರಡೂ ಕಡೆ ಕಾಫಿ ಗಿಡ ಆಳೆತ್ತರ, ಮೇಲೆ ಮರಗಳ ನೆರಳು. ಹತ್ತು ಹೆಜ್ಜೆಯ ಆಚೆ ಏನಿದೆ ಎಂದು ಕಾಣುವುದಿಲ್ಲ. ನಾನು ಸಿಟ್ಟಿನಲ್ಲಿ ತುಟಿ ಬಿಗಿದು ಮುಂದೆ ನಡೆಯುತ್ತಿದ್ದೆ.

"ಅಕ್ಕಾ, ಹೀಗೆ ಸುಮ್ಮನೆ ಹೋಗಬಾರದು. ಎಂತಾದ್ರೂ ಮಾತಾಡಿ" ಎಂದಳು ಅಡುಗೆಯಾಕೆ ಹಿಂದಿನಿಂದ.

"ಎಂತ ಮಾತಾಡೋದು?"

"ಎಂತ ಆದ್ರೂ ಆಯ್ತು. ನನ್ನ ಸಾರಿಗೆ ಉಪ್ಪಿಲ್ಲ ಅಂತ ಬೈಯಿರಿ. ಆದ್ರೆ ಜೋರಾಗಿ ಬೈಯಿರಿ."

ಇವಳಿಗೇನಾಯಿತು ಎಂದು ನಾನು ತಿರುಗುವಷ್ಟರಲ್ಲಿ ಅವಳು ದಾರಿಯ ಪಕ್ಕಕ್ಕೆ ಕೈ ತೋರಿಸಿದಳು. ಒಂದು ಹಲಸಿನ ಮರ. ಅದರ ಬುಡದಲ್ಲಿ ಹಲಸಿನ ಕಾಯಿಗಳನ್ನು ತುಳಿದು, ಒಡೆದು, ಅರ್ಧ ತಿಂದು ಬಿಟ್ಟಿತ್ತು. ಬೇಲಿಯ ಕಂಬ ಮಲಗಿತ್ತು. ಪಕ್ಕದಲ್ಲಿ ಆನೆ ಲದ್ದಿ, ಅದರ ಮೇಲೆ ನೊಣಗಳು.

"ಮೊನ್ನೆ ಸಂಜೆಯದ್ದು," ಎಂದಳು ಅವಳು, ಇಡೀ ತೋಟಕ್ಕೆ ಕೇಳುವಂತೆ. "ಹಲಸು ಆದಾಗ ಬಂದೇ ಬರ್ತದೆ. ನಮ್ಮ ಸದ್ದು ಮೊದಲೇ ಕೇಳಿದ್ರೆ ಅದರ ಪಾಡಿಗೆ ಅದು ಸರಿದುಹೋಗ್ತದೆ. ಸದ್ದಿಲ್ಲದೆ ಹೋಗಿ ಎದುರು ಸಿಕ್ಕಿದ್ರೆ ಅದಕ್ಕೂ ಹೆದರಿಕೆ, ನಮಗೂ ಹೆದರಿಕೆ. ಆಮೇಲೆ ಮುಗೀತು."

ಮೊನ್ನೆ ಸಂಜೆ. ಹುಡುಗಿ ಹಾಡಿದ್ದೂ ಮೊನ್ನೆ ಸಂಜೆಯೇ. ಹನ್ನೆರಡು ಮಕ್ಕಳನ್ನು ಹತ್ತು ದಿನ, ಕತ್ತಲಾಗುವ ಹೊತ್ತಿಗೆ ಸರಿಯಾಗಿ, ತುಟಿ ಅಲ್ಲಾಡಿಸಬೇಡಿ ಎಂದು ಹೇಳಿ ಈ ದಾರಿಯಲ್ಲಿ ಕಳಿಸಿದವಳು ನಾನು.

ಉಳಿದ ದಾರಿಯುದ್ದಕ್ಕೂ ನಾನು ಅವಳ ಸಾರಿಗೆ ಬೈದೆ. ಉಪ್ಪಿಗೆ, ಹುಳಿಗೆ, ಬೇಯದ ಬೇಳೆಗೆ, ಎಲ್ಲಕ್ಕೂ ಬೈದೆ. ಅವಳು ಅಷ್ಟೇ ಜೋರಾಗಿ ಜವಾಬು ಕೊಟ್ಟಳು. ಮುಂದೆ ಎಷ್ಟೋ ದಿನ ಆ ಬೈಗುಳವನ್ನು ಹೇಳಿ ಹೇಳಿ ನಗುತ್ತಿದ್ದಳು.

ಲೈನಿನ ಮುಂದೆ ಹುಡುಗಿಯ ಅಮ್ಮ ಸೌದೆ ಒಟ್ಟುತ್ತಿದ್ದಳು. ತೋಟದಲ್ಲಿ ಆನೆ ಇದೆ ಎಂದು ಎಸ್ಟೇಟಿನ ಹಾಜರಿ ಬರೆಯುವ ರೈಟರು ಹೇಳಿದ್ದರಿಂದ ಅಂದು ಒಳಭಾಗದ ಕೆಲಸವನ್ನೇ ನಿಲ್ಲಿಸಿದ್ದರಂತೆ, ಮಕ್ಕಳನ್ನೂ ಹೊರಗೆ ಬಿಟ್ಟಿರಲಿಲ್ಲವಂತೆ. ನನಗೆ ಸ್ಟೂಲು ಹಾಕಿ ಕೂರಿಸಿದಳು, ಚಹಾ ಕೊಟ್ಟಳು, ಆಮೇಲೆ ಹೇಳಿದಳು.

"ಟೀಚರಮ್ಮ, ನಾನು ಓದಿದವಳಲ್ಲ. ಮಕ್ಕಳಿಗೆ ನಡೆಯೋಕ್ಕೆ ಬಂದ ದಿನದಿಂದ ನಾವು ಹೇಳಿಕೊಡೋದು ಒಂದೇ, ತೋಟದೊಳಗೆ ಬಾಯಿ ಮುಚ್ಚಬೇಡಿ ಅಂತ. ನೀವು ಮುಚ್ಚಿಸಿದ್ದು ನನಗೆ ಗೊತ್ತೇ ಇರ್ಲಿಲ್ಲ. ತಟ್ಟೆ ಹೋಗ್ತದೆ ಅಂತ ಇವಳು ಹೇಳ್ಲೇ ಇಲ್ಲ. ನಿನ್ನೆ ಅಳ್ತಾ ಬಂದಾಗ ಗೊತ್ತಾಯ್ತು."

ಹುಡುಗಿ ಬಾಗಿಲಿನ ಹಿಂದೆ ನಿಂತಿದ್ದಳು. ಕರೆದೆ, ಬಂದಳು. ಅಂದು ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗ ಕೇಳಿದೆ.

"ಹಲಸಿನ ಮರದ ಹತ್ರ ಆನೆ ವಾಸನೆ ಬಂತು ಟೀಚರೇ. ಹೇಳಿದ್ರೆ ಚಿಕ್ಕವು ಓಡ್ತಿದ್ವು. ಅದಕ್ಕೆ ಗಣಪತಿ ಭಜನೆ ಹಾಡಿದೆ. ಅದೇ ಎಲ್ಲಕ್ಕಿಂತ ಉದ್ದ ಇರೋದು."

"ಹಾಗಾದ್ರೆ ಎಲ್ಲರಿಗೂ ಹಾಡಿ ಅನ್ನಬಹುದಿತ್ತಲ್ಲ?"

ಅವಳು ನನ್ನನ್ನು, ಇಷ್ಟೂ ಗೊತ್ತಾಗುವುದಿಲ್ಲವೇ ಎನ್ನುವಂತೆ ನೋಡಿದಳು. "ಎಲ್ಲರೂ ಹಾಡಿದ್ರೆ ಎಲ್ಲರ ಬಹುಮಾನನೂ ಹೋಗ್ತಿತ್ತು. ಒಬ್ಬಳು ಹಾಡಿದ್ರೆ ಸಾಕಲ್ವಾ?"

ಚಹಾದ ಲೋಟ ಹಿಡಿದುಕೊಂಡು ನಾನು ಅತ್ತುಬಿಟ್ಟೆ. ನಿವೃತ್ತಿಯ ದಿನವೂ ಅಷ್ಟು ಅತ್ತಿರಲಿಲ್ಲ. ಅವಳಮ್ಮ ಗಾಬರಿಯಾಗಿ ಇನ್ನೊಂದು ಲೋಟ ಚಹಾ ತಂದಿಟ್ಟಳು.

ಮರುದಿನ ಶಿಬಿರದಲ್ಲಿ ಎಲ್ಲ ಮಕ್ಕಳ ಮುಂದೆ ನಿಂತು, ತಪ್ಪು ನನ್ನದು ಎಂದೆ, ಗೀಟು ಹಾಕಿದ ಹೆಸರನ್ನು ಪಟ್ಟಿಯ ಮೇಲೆ ಮತ್ತೆ ಬರೆದೆ. ಟೀಚರು ಹೀಗೂ ಹೇಳುತ್ತಾರೆಯೇ ಎಂದು ಅವರು ಬಾಯಿ ಬಿಟ್ಟು ಕೂತಿದ್ದರು. ಆರತಿಯನ್ನು ಮೂರು ಗಂಟೆಗೆ ತಂದೆವು, ಮೂರೂವರೆಗೆ ಹೊರಡುವುದು, ಜೊತೆಗೆ ಇಬ್ಬರು ದೊಡ್ಡವರು. ಆನೆ ಎಲ್ಲಿದೆ ಎಂದು ಮೊದಲು ರೈಟರಿಗೆ ಫೋನು. ದಾರಿಯಲ್ಲಿ ಹಾಡಲೇಬೇಕು, ಇದು ಹೊಸ ನಿಯಮ. ಬೇರೆ ಧರ್ಮದ ಮಕ್ಕಳು ತಮ್ಮ ಮನೆಯ ಹಾಡು ಹೇಳಬಹುದೇ ಎಂದು ಕೇಳಿದರು, ಧಾರಾಳವಾಗಿ ಎಂದೆ. ದೊಡ್ಡ ಹುಡುಗರು ಸಿನಿಮಾ ಹಾಡು ತೆಗೆದಾಗ ಮಂಡಳಿಯ ಅಧ್ಯಕ್ಷರು ಮುಖ ಹುಳಿ ಮಾಡಿದರು. ದೇವಸ್ಥಾನದ ಗೇಟಿನವರೆಗೆ ಭಜನೆ, ಅಲ್ಲಿಂದಾಚೆ ಆನೆಗೆ ಇಷ್ಟವಾದದ್ದು ಎಂದು ಅವರೇ ಕೊನೆಗೆ ತೀರ್ಮಾನ ಕೊಟ್ಟರು.

ಕೊನೆಯ ದಿನ ಅವಳು ಅಮ್ಮನ ಸೀರೆಯ ಕೆಂಪು ಲಂಗ ಉಟ್ಟು ಆರತಿಯ ತಟ್ಟೆ ಹಿಡಿದಳು. ಅಧ್ಯಕ್ಷರ ಮುಂದೆ, ಮಂಡಳಿಯ ಮನೆಗಳವರ ಮುಂದೆ, ಹಿಂದೆ ಕೈಕಟ್ಟಿ ನಿಂತ ಲೈನಿನವರ ಮುಂದೆ ನಿಧಾನವಾಗಿ ಬಂದಳು. ಅವಳಮ್ಮ ಆರತಿಗೆ ಕೈ ಚಾಚಿದವಳು ಕಣ್ಣಿಗೊತ್ತಿಕೊಳ್ಳುವುದನ್ನೇ ಮರೆತು ಮಗಳ ಮುಖ ನೋಡುತ್ತ ನಿಂತಳು. ನನ್ನ ಮುಂದೆ ಬಂದಾಗ ಹುಡುಗಿ ಮೆಲ್ಲಗೆ, "ಟೀಚರೇ, ಇವತ್ತು ಹೋಗುವಾಗ ನಾನು ಮೌನ ಇರ್ಲಾ? ಅವತ್ತು ಹಾಡಿದ್ನಲ್ಲ, ಒಂದು ದಿನ ಕಡಿಮೆಯಾಗಿದೆ" ಎಂದಳು.

ತಟ್ಟೆ ಸಿಕ್ಕಿದ ಮೇಲೂ ಅವಳಿಗೆ ಲೆಕ್ಕ ಸರಿಯಾಗಬೇಕಿತ್ತು. ಅರ್ಚಕರು ಕೊಟ್ಟ ಹೂವಿನ ಪ್ರಸಾದವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಅವಳು ತೋಟದ ದಾರಿಯಲ್ಲಿ ಎಲ್ಲರ ನಡುವೆ ನಡೆದಳು. ಅವಳ ಹಿಂದೆ ಮುಂದೆ ನಾವೆಲ್ಲ ಹಾಡಿದೆವು. ನಾನೂ ಹಾಡಿದೆ, ಗಣಪತಿ ಭಜನೆಯನ್ನೇ, ಗಂಟಲು ಹರಿಯುವ ಹಾಗೆ. ಟೀಚರು ಹಾಡಿದರೆ ಆನೆ ಮಡಿಕೇರಿ ದಾಟಿ ಓಡುತ್ತದೆ ಎಂದು ಒಬ್ಬ ಹೇಳಿ ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನು ನಿಲ್ಲಿಸಲಿಲ್ಲ. ಅವಳಿಗೂ ನಗು ತಡೆಯಲಾಗದೆ ಭುಜ ಅಲ್ಲಾಡುತ್ತಿತ್ತು. ಆದರೆ ಹಲಸಿನ ಮರ ದಾಟಿ, ಮಲಗಿದ ಬೇಲಿ ದಾಟಿ, ಮನೆಯ ಬಾಗಿಲು ಮುಟ್ಟುವವರೆಗೂ ಅವಳು ತುಟಿ ಬಿಚ್ಚಲಿಲ್ಲ.