ಪಿಯಾನೊ ಇದ್ದ ಹಾಲ್

ಮೊನ್ನೆ ಜನವರಿಯ ಬೆಳಿಗ್ಗೆ ದುಬೈಯ ನಮ್ಮ ಕಟ್ಟಡದ ವಾಚ್‌ಮನ್ ತನ್ನ ಕೋಣೆಯಲ್ಲಿ ಹೀಟರ್ ಹಚ್ಚಿದ್ದ. ವರ್ಷವಿಡೀ ಮೂಲೆಯಲ್ಲಿದ್ದ ಹೀಟರಿನ ಕಂಬಿಗಳು ಕೆಂಪಾಗುವಾಗ ಅವುಗಳ ಮೇಲೆ ಕೂತ ಧೂಳು ಸುಟ್ಟು ಒಂದು ಒಣ ವಾಸನೆ ಬರುತ್ತದಲ್ಲ, ಅದು ಮೂಗಿಗೆ ಬಡಿದದ್ದೇ ನಾನು ಲಿಫ್ಟಿನ ಮುಂದೆ ನಿಂತುಬಿಟ್ಟೆ. ಅಲ್ ಐನ್‌ನ ನಮ್ಮ ಹಳೆಯ ಫ್ಲಾಟು, ಕಾಲಿಗೆ ಕೊರೆಯುವ ಅದರ ಟೈಲ್ಸು, ಮಾಂಯ್‌ಳ ಕೆಮ್ಮು, ಎಲ್ಲ ಒಟ್ಟಿಗೇ ಬಂದವು. ಮಾಂಯ್ ಅಂದರೆ ಡ್ಯಾಡಿಯ ತಾಯಿ. ಗಲ್ಫಿನಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. ಮರುಭೂಮಿಯ ಅಂಚಿನಲ್ಲಿ ಡಿಸೆಂಬರ್ ಕಳೆದವರು ಮಾತ್ರ ನಗುವುದಿಲ್ಲ.

ಮಮ್ಮಿ ಆಸ್ಪತ್ರೆಯಲ್ಲಿ ನರ್ಸ್. ಊರಿಗೆ ಮರಳುತ್ತಿದ್ದ ಇಂಗ್ಲಿಷ್ ಕುಟುಂಬವೊಂದರಿಂದ, ನನಗೆ ಕಲಿಸಲೆಂದು, ನಮ್ಮ ಹಾಲ್‌ನಲ್ಲಿದ್ದ ಪಿಯಾನೊವನ್ನು ಕೊಂಡವಳು ಅವಳೇ. ಮಮ್ಮಿಯ ಚಿಕ್ಕಂದಿನಲ್ಲಿ ಅವಳ ತಾಯಿ ಮಂಗಳೂರಿನ ದೊಡ್ಡ ಮನೆಯೊಂದರಲ್ಲಿ ಅಡುಗೆಗಿದ್ದಳು. ಆ ಮನೆಯ ಪಿಯಾನೊದ ಮುಚ್ಚಳ ಎತ್ತಿ ನೋಡಿದ್ದಕ್ಕೆ ಮನೆಯೊಡತಿ ಮುಚ್ಚಳವನ್ನು ಪುಟ್ಟ ಮಮ್ಮಿಯ ಬೆರಳುಗಳ ಮೇಲೆಯೇ ಬೀಳಿಸಿದ್ದಳಂತೆ. ಅದನ್ನು ಮಮ್ಮಿ ಹೇಳುವಾಗ ದನಿಯಲ್ಲಿ ಸಿಟ್ಟೇನೂ ಇರುತ್ತಿರಲಿಲ್ಲ. ನನ್ನ ಬೆರಳುಗಳನ್ನು ಮಾತ್ರ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಶ್ರುತಿ ಮಾಡಲು ಬಂದವನು ಎಚ್ಚರಿಸಿದ್ದ: ಹಗಲು ಬಿಸಿ, ರಾತ್ರಿ ತಣ್ಣಗೆ ಎಂದು ಹವೆ ಏರಿಳಿದರೆ ಒಳಗಿನ ಮರ ಬಿರಿಯುತ್ತದೆ, ಹೀಟರ್ ಹತ್ತಿರ ಬೇಡ, ಹೊರಗೋಡೆಗೂ ತಾಗಿಸಬೇಡಿ. ಅಂದೇ ಪಿಯಾನೊ ಒಳಗೋಡೆಗೆ ಬಂತು, ಅಲ್ಲಿದ್ದ ಸೋಫಾ ಕಿಟಕಿಯ ಕೆಳಗೆ ಹೋಯಿತು. ಆ ಚಳಿಗಾಲದಲ್ಲಿ ವಿಸಿಟ್ ವೀಸಾದ ಮೇಲೆ ಬಂದ ಮಾಂಯ್ ಮಲಗಿದ್ದು ಅದೇ ಸೋಫಾದಲ್ಲಿ.

ನಮಗಿದ್ದದ್ದು ಒಂದೇ ಬೆಡ್‌ರೂಮು. ಹೀಟರ್ ಅದರೊಳಗೆ, ಮಮ್ಮಿ ಡ್ಯಾಡಿ ನಾನು ಅದರೊಳಗೆ. ಒಳಗಿನ ಬಿಸಿ ಹೊರಗೆ ಹಾಲ್‌ಗೆ ಸೋರಬಾರದೆಂದು ಬಾಗಿಲ ಸಂದಿಗೆ ಮಮ್ಮಿ ಟವೆಲ್ ತುರುಕುತ್ತಿದ್ದಳು. ಮಾಂಯ್‌ಳನ್ನು ಒಳಗೆ ಮಲಗಿಸೋಣ ಎಂದು ಡ್ಯಾಡಿ ಒಮ್ಮೆ ಹೇಳಿ ನೋಡಿದರು. ಮುದುಕಿ ಹತ್ತು ಸಲ ಬಾತ್‌ರೂಮಿಗೆ ಏಳುತ್ತಾಳೆ, ಹತ್ತು ಸಲ ಬಾಗಿಲು ತೆರೆಯುತ್ತದೆ ಎಂದಳು ಮಮ್ಮಿ. ಡ್ಯಾಡಿ ಸನಾಯ್ಯ ಮಾರ್ಕೆಟಿನಿಂದ ತಾಯಿಗೆಂದು ಹುಲಿಯ ಚಿತ್ರವಿದ್ದ ದಪ್ಪ ಕಂಬಳಿ ತಂದರು. ಮರುದಿನ ಸಂಜೆಗೆ ಅದು ಪಿಯಾನೊದ ಮೇಲಿತ್ತು. ಮಾಂಯ್ ಅತ್ತ ನೋಡಿದಳು. ಮಮ್ಮಿಯೇ ಹೇಳಿದಳು: "ನಿಮಗೆ ನಾಲ್ಕು ದಿನದಲ್ಲಿ ಚಳಿ ಅಭ್ಯಾಸ ಆಗ್ತದೆ. ಅದಕ್ಕೆ ಆಗುದಿಲ್ಲ."

ಮಮ್ಮಿ ಡ್ಯೂಟಿಗೆ ಹೋದಾಗ ಮಾಂಯ್ ನನ್ನ ಪಕ್ಕ ಬಂದು ಕೂರುತ್ತಿದ್ದಳು. ಅವಳ ಸೀರೆಗೆ ತೆಂಗಿನೆಣ್ಣೆ, ನೀಲಗಿರಿ ಎಣ್ಣೆ ಬೆರೆತ ವಾಸನೆ. ಒಮ್ಮೆ ಪಿಯಾನೊದ ಮೇಲಿನ ಹುಲಿಯನ್ನು ಸವರುತ್ತಾ, ಇದಕ್ಕೆ ಜೀವ ಉಂಟಾ ಮಗಾ ಎಂದು ಕೊಂಕಣಿಯಲ್ಲಿ ಕೇಳಿದಳು. "ಮಾಂಯ್, ಇಟ್ಸ್ ಎ ಪಿಯಾನೊ" ಎಂದೆ. ಇಂಗ್ಲಿಷ್ ಬಾರದ ಅವಳು ಅದನ್ನೇ ಉತ್ತರವೆಂದುಕೊಂಡು ತಲೆಯಾಡಿಸಿದಳು.

ಕೆಮ್ಮು ಎದೆಗಿಳಿದ ಮೇಲೆ, ಒಂದು ಮಧ್ಯಾಹ್ನ ಡ್ಯಾಡಿ ಕೆಲಸದಿಂದ ಬೇಗ ಬಂದು ಹೀಟರನ್ನು ಹಾಲ್‌ಗೆ ತಂದು ತಾಯಿಯ ಕಾಲಬಳಿ ಇಟ್ಟರು. ಮಾಂಯ್ ಕಾಲುಚೀಲ ಕಳಚಿ, ಬಿಸಿಗೆ ಪಾದ ಒಡ್ಡಿ, ಕೂತಲ್ಲೇ ನಿದ್ದೆಹೋದಳು. ಅಷ್ಟು ದಿನಗಳಲ್ಲಿ ಅವಳ ಮುಖ ಸಡಿಲಾದದ್ದನ್ನು ನಾನು ಕಂಡದ್ದು ಆಗಲೇ. ಸಂಜೆ ಬಾಗಿಲು ತೆರೆದ ಮಮ್ಮಿಗೆ ವಾಸನೆಯಲ್ಲೇ ಗೊತ್ತಾಯಿತು. ಯೂನಿಫಾರ್ಮಿನಲ್ಲೇ ನೇರ ಹೋಗಿ ಕಂಬಳಿ ಸರಿಸಿ, ಜ್ವರ ನೋಡುವವಳಂತೆ ಪಿಯಾನೊದ ಮರಕ್ಕೆ ಅಂಗೈ ಒತ್ತಿದಳು. ಮುದುಕಿಯ ಹಣೆ ಎರಡು ಹೆಜ್ಜೆ ದೂರದಲ್ಲಿತ್ತು. ಆಮೇಲೆ ಹೀಟರ್ ಆರಿಸಿ, "ಖಲಾಸ್. ಇವರಿಗೆ ಟಿಕೆಟ್ ಮಾಡಿ," ಎಂದಳು. ಡ್ಯಾಡಿ ಟಿಕೆಟ್ ಮಾಡಿದರು.

ಊರು ಮುಟ್ಟಿದ ಮೇಲೂ ಮಾಂಯ್‌ಳ ಕೆಮ್ಮು ಬಿಡಲಿಲ್ಲ, ನ್ಯುಮೋನಿಯಾ ಆಯಿತು. ಈಸ್ಟರಿಗೆ ಮುಂಚೆಯೇ ತೀರಿಕೊಂಡಳು. ಅದೇ ವಾರ ನನ್ನ ಪಿಯಾನೊ ಪರೀಕ್ಷೆಯಿದ್ದದ್ದರಿಂದ ಮಣ್ಣಿಗೆ ಡ್ಯಾಡಿ ಒಬ್ಬರೇ ಹೋದರು. ನನಗೆ ಡಿಸ್ಟಿಂಕ್ಷನ್ ಬಂತು. ಮಮ್ಮಿ ಆಸ್ಪತ್ರೆಯಲ್ಲೆಲ್ಲ ಲಡ್ಡು ಹಂಚಿದಳು.

ಊರಿನಿಂದ ಬಂದ ಡ್ಯಾಡಿ ಜಗಳವಾಡಲಿಲ್ಲ. ಸಂಜೆ ನಾನು ಪ್ರಾಕ್ಟೀಸಿಗೆ ಕೂತರೆ ಮಾತ್ರ ಕೀ ತೆಗೆದುಕೊಂಡು ಇಳಿದುಹೋಗಿ, ಕೆಳಗೆ ನಿಲ್ಲಿಸಿದ ಕಾರಿನಲ್ಲಿ ಕೂರುತ್ತಿದ್ದರು. ಇಂಜಿನ್ ಇಲ್ಲ, ರೇಡಿಯೊ ಇಲ್ಲ. ಅಲ್ಲಿ ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ಏನಿಲ್ಲ, ಸುಮ್ಮನೆ ಎಂದರು. ನನ್ನ ಶಾಲೆ ಮುಗಿಯುವವರೆಗೂ ಹಾಗೆಯೇ ನಡೆಯಿತು. ಈಗ ಡ್ಯಾಡಿ ಇಲ್ಲ, ಮಮ್ಮಿಯೂ ಇಲ್ಲ. ಆ ಕಟ್ಟಡವನ್ನು ಕೆಡವಿ ಪಾರ್ಕಿಂಗ್ ಮಾಡಿದ್ದಾರೆ. ಆಗೆಲ್ಲ ನುಡಿಸಿ ಮುಗಿಸಿ ನಾನು ಕಿಟಕಿಯಿಂದ ಕೈ ಬೀಸುತ್ತಿದ್ದೆ. ಡ್ಯಾಡಿ ತಲೆಯೆತ್ತಿ ನೋಡುತ್ತಿದ್ದರು. ನೋಡಿದ ಮೇಲೂ ಬಹಳ ಹೊತ್ತು ಕಾರಿನಿಂದ ಇಳಿಯುತ್ತಿರಲಿಲ್ಲ.